ಎಡಗೈ ತೋರುಬೆರಳು

ಬನ್ನಿಮಂಟಪದ ಶಾಯಿ ಕಾರ್ಖಾನೆಯಲ್ಲಿ
ಎರಡು ತಿಂಗಳಿಗಷ್ಟೇ ನಾನು ಕೆಲಸದವಳು.
ಸೀಸೆ, ಮುಚ್ಚಳ, ಒಂದು ತಿರುವು, ಮತ್ತೆ ಸೀಸೆ.
ಚುನಾವಣೆ ಬಂದಾಗ ಕರೀತಾರೆ, ಮುಗಿದಾಗ ಮರೀತಾರೆ,
ಓಟು ಕೇಳುವವರ ಹಾಗೇ.

ವಿಭೂತಿ ಬುಧವಾರ ಬೆಳಗಿನ ಪೂಜೆ ಮುಗಿಸಿ
ಹಣೆಯ ಬೂದಿ ಒರೆಸದೆ ಶಿಫ್ಟಿಗೆ ಹೋದೆ.
"ಏನಕ್ಕಾ, ನಿಮ್ಮಲ್ಲೂ ವಿಭೂತಿನಾ?" ಅಂದ ಮೇಸ್ತ್ರಿ.
ಹೂಂ ಕಣಪ್ಪ, ಮಣ್ಣಿಂದ ಬಂದವರು ಮಣ್ಣಿಗೇ ಅಂತ
ಅರ್ಥ ಬಿಡಿಸಿ ಹೇಳುವಷ್ಟರಲ್ಲಿ
ಬೆವರಿಗೆ ಅದು ಹುಬ್ಬಿಗಿಳಿದಿತ್ತು.
ಸಂಜೆಗೆ ಹಣೆ ಖಾಲಿ.
ಹರಿದ ಗ್ಲೌಸಿನೊಳಗೆ ಬೆರಳು ಮಾತ್ರ ಕಪ್ಪು.

ಗರಿಗಳ ಭಾನುವಾರ ಒಬ್ಬ ಅಭ್ಯರ್ಥಿ ಬಂದ.
ಅವನ ಕೈಗೂ ಯಾರೋ ಒಂದು ಗರಿ ಕೊಟ್ಟರು,
ಪಕ್ಷದ ಬಾವುಟದ ಹಾಗೆ ಹಿಡಿದುಕೊಂಡ.
ಸ್ಮಶಾನಕ್ಕೆ ಕಾಂಪೌಂಡು ಕಟ್ಟಿಸಿಕೊಡ್ತೀನಿ ಅಂದ.
ಮಂಗಳವಾರ ಇನ್ನೊಬ್ಬನ ಕಡೆಯವರು,
ಅದೇ ಕಾಂಪೌಂಡು, ಎರಡಡಿ ಎತ್ತರ.
"ಸತ್ತವರಿಗ್ಯಾಕಪ್ಪ ಅಷ್ಟು ಗೋಡೆ,
ಎದ್ದು ಬಂದು ಓಟು ಹಾಕ್ತಾರಾ?"
ಅಂದಳು ಜಪಮಾಲಮ್ಮ.
"ಹಾಕಿದ್ದಾರೆ. ಹೋದ ಸಲ ನಮ್ಮಪ್ಪ ಹಾಕಿದ್ದ,
ಪಟ್ಟಿಯಲ್ಲಿ ಟಿಕ್ಕಿತ್ತು" ಅಂದ ಚೌರಪ್ಪ ಮಾವ,
"ಪುನರುತ್ಥಾನದಲ್ಲಿ ನಮಗೆ ನಂಬಿಕೆ ಉಂಟಲ್ಲವ್ವ!"

ಸ್ವಾಮಿಗಳು ಮೇಲಿಂದ ಬಂದ ಪತ್ರ ಓದಿದರು.
ಆತ್ಮಸಾಕ್ಷಿಯಂತೆ ಮತ ಹಾಕಬೇಕಂತೆ.
ಹೆಸರಿಲ್ಲ, ಚಿಹ್ನೆಯಿಲ್ಲ, ಕೆಳಗೊಂದು ಮೊಹರು.
ಹಿಂದಿನ ಬೆಂಚಿನಿಂದ ಸಂತಿಯಾಗು ಎದ್ದು ನಿಂತ:
"ಚಿಕ್ಕಮ್ಮನ ಮನೆ ಪ್ರಾರ್ಥನೆಗೆ ಪೊಲೀಸರು ಬಂದು
ಹಾರ್ಮೋನಿಯಂ ಎತ್ತಿಕೊಂಡು ಹೋದರು, ಸ್ವಾಮಿ.
ಏಳು ತಿಂಗಳಾಯ್ತು.
ಆತ್ಮಸಾಕ್ಷಿ ತೋರಿಸಿದರೆ ವಾಪಸು ಕೊಡ್ತಾರಾ?"

ಯಾರೂ ತಿರುಗಿ ನೋಡಲಿಲ್ಲ.
ಮುಂದಿನ ಸಾಲಿನ ಲಾಜರಸ್ ಮೇಷ್ಟ್ರು
ಕನ್ನಡಕ ಒರೆಸುತ್ತಾ ಆ ಹಳೇ ನಾಣ್ಯ ತೆಗೆದರು:
ಚಕ್ರವರ್ತಿಯ ಪಾಲು ಚಕ್ರವರ್ತಿಗೆ,
ದೇವರ ಪಾಲು ದೇವರಿಗೆ,
ಎರಡನ್ನೂ ಕಲಸಬೇಡಿ, ಮಕ್ಕಳೇ.

ನನಗೊಂದು ಸಂಶಯವಿತ್ತು. ಕೇಳಲಿಲ್ಲ.
ನಾಣ್ಯದ ಮೇಲಿದ್ದದ್ದು ಚಕ್ರವರ್ತಿಯ ಮುಖ, ಸರಿ.
ಈ ಬೆರಳ ಮೇಲಿರುವುದು ಯಾರ ಗುರುತು?
ಒಬ್ಬರದ್ದು ಒಬ್ಬರಿಗಿಲ್ಲದ ಹಾಗೆ
ಇಷ್ಟು ಸಣ್ಣ ಸುಳಿ ಬಿಡಿಸಿದವನು
ಯಾವ ಊರಿನ ಅರಸು?

ಶುಭ ಶುಕ್ರವಾರ, ಮೂರು ಗಂಟೆ.
ಗಂಟೆಯಿಲ್ಲ, ಮರದ ಗಿಲಕಿ. ಫ್ಯಾನು ನಿಂತಿದೆ.
ಯಾತನೆಯ ಪಾಠದಲ್ಲಿ ಯೇಸುವಿನ ಮಾತು ಸ್ವಾಮಿಗಳಿಗೆ,
ರಾಜ್ಯಪಾಲನದು ಲಾಜರಸ್ ಮೇಷ್ಟ್ರಿಗೆ,
ಗುಂಪಿನ ಮಾತು ಬೆಂಚಿನವರಿಗೆ.
ಪ್ರತಿ ವರ್ಷ ನಮಗೆ ಇದೇ ಪಾರ್ಟು.

ಯಾರನ್ನು ಬಿಡಲಿ? ಮೇಷ್ಟ್ರು ಕೇಳಿದರು.
ಆ ದರೋಡೆಕೋರನನ್ನು!
ಕಂಕುಳ ಕೂಸೂ ಬೆಚ್ಚುವಂತೆ ಕೂಗಿದೆವು.
ನಿಮ್ಮ ಅರಸನನ್ನೇನು ಮಾಡಲಿ?
ನಮಗೆ ಚಕ್ರವರ್ತಿಯೇ ಸಾಕು, ಬೇರೆ ಅರಸ ಬೇಡ.
ಎಷ್ಟು ಸಲೀಸಾಗಿ ಬಂತು ಬಾಯಿಗೆ.
ಮರೆಗೆ ಪರದೆಯಿರಲಿಲ್ಲ, ಯೋಚನೆಗೆ ಬಿಡುವಿರಲಿಲ್ಲ,
ಪಕ್ಕದವಳು ಕೂಗಿದ್ದನ್ನೇ ಕೂಗಿದೆ.
ಸಂತಿಯಾಗು ಮಾತ್ರ ಬಾಯಿ ತೆರೆಯಲಿಲ್ಲ,
ಅವನ ಹಾಳೆ ಮಡಿಲಲ್ಲಿ ಮಗುಚಿ ಬಿದ್ದಿತ್ತು.

ರಾಜ್ಯಪಾಲ ನೀರು ತರಿಸಿ ಕೈ ತೊಳೆದದ್ದು
ಆ ದಿನದ ಪಾಠದಲ್ಲಿಲ್ಲ.
ನನಗೆ ಅದೇ ನೆನಪು.
ನಮ್ಮ ಸೀಸೆಯದೊಂದು ಗೆರೆ
ಅವನ ಉಗುರಿನ ಮೇಲೆ ಎಳೆದಿದ್ದರೆ
ಎಷ್ಟು ಬಿಂದಿಗೆ ಸುರಿದುಕೊಳ್ಳುತ್ತಿದ್ದ?

ಈಸ್ಟರ್ ಆಯ್ತು. ಹಾಡಿದೆವು, ಹಾರ್ಮೋನಿಯಂ ಇಲ್ಲದೆ,
ಶ್ರುತಿ ಎಲ್ಲೆಲ್ಲೋ ಹೋಯ್ತು.
ಸೋಮವಾರ ಮತ್ತೆ ಸೀಸೆ, ಮುಚ್ಚಳ, ತಿರುವು.
ಬಸ್‌ಸ್ಟಾಪಿನ ಬಿಸಿಲಲ್ಲಿ ಎಡಗೈ ಚಾಚಿ ನೋಡಿದೆ,
ಬಿಸಿಲು ತಾಗಿದಷ್ಟೂ ಕಪ್ಪಾಗುವ ಜಾತಿ ಇದು.
ಸೋಪಿಗೆ ಹೋಗಲಿಲ್ಲ, ನಿಂಬೆಹುಳಿಗೆ ಹೋಗಲಿಲ್ಲ,
ಓಟಿಗಿನ್ನು ಒಂಬತ್ತೇ ದಿನ.

ಮತಗಟ್ಟೆಯ ಆಫೀಸರು ಬೆರಳು ಹಿಡಿದು
"ಆಗಲೇ ಹಾಕಿದ್ದೀರಲ್ಲಮ್ಮ?" ಅಂದರೆ
ಕಾರ್ಖಾನೆಯ ಚೀಟಿ ತೋರಿಸಬಹುದು. ತೋರಿಸ್ತೀನಿ.
ಆದರೂ ಬಾಯಿಗೆ ಬರುವ ಮಾತು ಬೇರೆ:
ಹೌದು ಸಾರ್, ಶುಕ್ರವಾರ ಒಂದ್ಸಲ ಹಾಕಿದೀನಿ,
ಎಲ್ಲರ ಜೊತೆ, ಕೂಗಿ.
ಇವತ್ತು ಒಬ್ಬಳೇ ಬಂದಿದೀನಿ.